ಫಾತಿಮಾ ಯಾತ್ರೆಯ ಮೊದಲ ಮೂರು ದಿನ: ಗುಂಪು ಕರೆದೊಯ್ಯುವವರಿಗೂ ಗುಂಪಿನಲ್ಲಿ ಹೊರಟವರಿಗೂ

ಮಾತೆ ಮರಿಯ ಅವರ ಪುಣ್ಯಕ್ಷೇತ್ರವಾದ ಪೋರ್ಚುಗಲ್‌ನ ಫಾತಿಮಾಕ್ಕೆ ಹೊರಡುವ ಗುಂಪುಗಳ ಕಾರ್ಯಕ್ರಮ ಪಟ್ಟಿ ಕೈಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲ ಮೂರು ದಿನಗಳ ಮೇಲೆಯೇ ನಿಲ್ಲುತ್ತದೆ. ಬೆಳಿಗ್ಗೆ ಲಿಸ್ಬನ್‌ನಲ್ಲಿ ಇಳಿಯುವುದು, ಅಂದೇ ಊರೆಲ್ಲ ಸುತ್ತುವುದು, ಮರುದಿನ ದಾರಿಯಲ್ಲಿ ಮೂರು ಚರ್ಚು, ಸಂಜೆಗೆ ಫಾತಿಮಾ, ರಾತ್ರಿ ಮೆರವಣಿಗೆ, ಮೂರನೆಯ ದಿನ ನಸುಕಿಗೇ ಶಿಲುಬೆಯ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆಯ ನಡಿಗೆ. ಕಾಗದದಲ್ಲಿ ಇದೆಲ್ಲ ಹಿಡಿಸುತ್ತದೆ, ಮನುಷ್ಯರ ಕಾಲಿಗೆ ಹಿಡಿಸುವುದಿಲ್ಲ.

ನಾನು ಮೊದಲ ಬಾರಿ ಗುಂಪಿನ ಹೊಣೆ ಹೊತ್ತಾಗ ಇಂಥದ್ದೇ ಪಟ್ಟಿ ಹಿಡಿದು ಹೋಗಿದ್ದೆ. ನಾವು ಮೂವತ್ತೆಂಟು ಮಂದಿ. ಫಾತಿಮಾದ ಮೊದಲ ರಾತ್ರಿ ಮೆರವಣಿಗೆಗೆ ಬಂದವರು ಹದಿಮೂರು ಮಂದಿ. ಉಳಿದವರು ಊಟದ ಮೇಜಿನಿಂದ ಎದ್ದು ನೇರ ಹಾಸಿಗೆಗೆ ಹೋಗಿದ್ದರು. ಎಷ್ಟೋ ವರ್ಷ ಹಣ ಕೂಡಿಟ್ಟು ಬಂದಿದ್ದ ಅಜ್ಜಿಯೊಬ್ಬರು ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದು, "ನನ್ನನ್ನು ಎಬ್ಬಿಸಬಾರದಿತ್ತೇ ಮಗನೇ?" ಎಂದು ಕೇಳಿದರು. ಅವರನ್ನು ಎಬ್ಬಿಸದೇ ಇದ್ದದ್ದು ತಪ್ಪಲ್ಲ. ಎಬ್ಬಿಸಲಾಗದಷ್ಟು ದಣಿಸಿದ್ದೇ ತಪ್ಪು. ಅಂದಿನಿಂದ ಈ ಮೂರು ದಿನಗಳ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕಿಯೇ ನಾನು ಯಾತ್ರೆ ಯೋಜಿಸುತ್ತೇನೆ. ದೇಹ ಮೊದಲು ಆ ನೆಲಕ್ಕೆ ಬಂದು ಸೇರಬೇಕು, ಅಪರಿಚಿತರು ಒಂದು ಗುಂಪಾಗಬೇಕು, ಪ್ರಾರ್ಥನೆ ಆಮೇಲೆ ತಾನಾಗಿ ಬರುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ನಂಬಿಕೆಯಿಂದ ಬಂದವು.

ಹೊರಡುವ ಮೊದಲೇ ಮುಗಿಯಬೇಕಾದದ್ದು

ದಿನಾಂಕವನ್ನು ಮೊದಲು ನೋಡಿ. 1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ ಮಾತೆ ಮರಿಯ ಮೂವರು ಮಕ್ಕಳಿಗೆ ಕಾಣಿಸಿಕೊಂಡರು ಎಂಬುದು ಫಾತಿಮಾದ ಮೂಲ. ಆದ್ದರಿಂದ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳ 12 ಮತ್ತು 13ರಂದು ಅಲ್ಲಿ ಜನಸಾಗರ. ಅದರಲ್ಲೂ ಮೇ ಮತ್ತು ಅಕ್ಟೋಬರ್‌ನಲ್ಲಿ ಪುಣ್ಯಕ್ಷೇತ್ರದ ವಿಶಾಲ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಥೋಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆ 13ರಂದು ಮುಗಿದು ಮಾತೆಯ ಪ್ರತಿಮೆಯನ್ನು ಬೀಳ್ಕೊಡುವಾಗ ಲಕ್ಷಾಂತರ ಕೈಗಳಲ್ಲಿ ಬಿಳಿ ಕರವಸ್ತ್ರ ಹಾರಾಡುವುದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಆದರೆ ಗುಂಪಿನಲ್ಲಿ ವಯಸ್ಸಾದವರು ಹೆಚ್ಚಿದ್ದರೆ, ಅದೇ ತಿಂಗಳ ಬೇರೆ ವಾರವನ್ನು ಆರಿಸಿ ಎಂದೇ ನಾನು ಹೇಳುತ್ತೇನೆ. ಮಾತೆಯ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಲು ಆಸನ ಸಿಗುವುದೂ ಒಂದು ವರವೇ.

ಗುಂಪಿನ ಬಲಿಪೂಜೆಗೆ ಪುಣ್ಯಕ್ಷೇತ್ರದ ಕಚೇರಿಯಲ್ಲಿ ಮುಂಚಿತವಾಗಿ ಸ್ಥಳ ಮತ್ತು ಸಮಯ ಕಾದಿರಿಸಬೇಕು. ಅಲ್ಲಿಗೆ ಹೋಗಿ ಕೇಳಿಕೊಂಡರಾಯಿತು ಎಂದು ಬಿಡಬೇಡಿ. ಜೊತೆಗೆ ಬರುವ ಗುರುಗಳು ತಮ್ಮ ಧರ್ಮಾಧ್ಯಕ್ಷರಿಂದ ಅಥವಾ ತಮ್ಮ ಸಂನ್ಯಾಸ ಸಭೆಯ ಮುಖ್ಯಸ್ಥರಿಂದ ಸೆಲೆಬ್ರೆಟ್ ಎನ್ನುವ ಪತ್ರ ತಂದಿರಬೇಕು. ಅವರು ಬಲಿಪೂಜೆ ಅರ್ಪಿಸಲು ಅಧಿಕಾರವುಳ್ಳ ಗುರುಗಳೆಂದು ತಿಳಿಸುವ ಪತ್ರ ಅದು. ಪರಿಚಯವಿಲ್ಲದ ದೇಶದ ಚರ್ಚಿನಲ್ಲಿ ಅದನ್ನು ಕೇಳುವುದು ಸಹಜ. ಬಿಳಿ ನಿಲುವಂಗಿ ಮತ್ತು ಕೊರಳಿಗೆ ಹಾಕುವ ಸ್ಟೋಲ್ ಗುರುಗಳ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.

ಇಡೀ ಗುಂಪನ್ನು ಆರಾರು ಮಂದಿಯ ಸಣ್ಣ ತಂಡಗಳಾಗಿ ಹೊರಡುವ ಮೊದಲೇ ಮಾಡಿಕೊಳ್ಳಿ. ಒಂದೊಂದು ತಂಡದಲ್ಲಿ ಒಬ್ಬ ಕಿರಿಯರು, ಒಬ್ಬರಾದರೂ ಹಿರಿಯರು. ಬಸ್ಸು ಹತ್ತಿದ ಮೇಲೆ ಮೂವತ್ತೆಂಟು ತಲೆ ಎಣಿಸುವುದು ಬೇಡ. ಪ್ರತಿ ತಂಡದವರು ತಮ್ಮ ಆರು ಜನರನ್ನು ನೋಡಿಕೊಂಡು, ಯಾರಾದರೂ ಬಂದಿಲ್ಲದಿದ್ದರೆ ಮಾತ್ರ ಕೈ ಎತ್ತಲಿ. ದಂಪತಿಗಳನ್ನು ಬೇರೆ ಮಾಡಬೇಡಿ, ಆದರೆ ಒಂದೇ ಕುಟುಂಬದ ಎಂಟು ಮಂದಿಯನ್ನು ಒಂದೇ ತಂಡ ಮಾಡಲೂಬೇಡಿ. ಒಂಟಿಯಾಗಿ ಬಂದವರು ಯಾತ್ರೆಯುದ್ದಕ್ಕೂ ಒಂಟಿಯಾಗಿಯೇ ಉಳಿಯುವುದು ಇಂಥ ಕಡೆಯೇ.

ಔಷಧಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೂರು ದಿನಗಳ ಮಾತ್ರೆ ಮೈಮೇಲಿನ ಚೀಲದಲ್ಲಿ, ಉಳಿದದ್ದು ಕೈಚೀಲದಲ್ಲಿ, ಜೊತೆಗೆ ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮೂಲ ಹೆಸರನ್ನು ಯಾವ ಔಷಧದಂಗಡಿಯವರೂ ಗುರುತಿಸುತ್ತಾರೆ. ಚಪ್ಪಲಿ, ಬೂಟು ಹೊಸದಾಗಿರಬಾರದು. ಒಂದು ತಿಂಗಳು ಮೊದಲೇ ಕೊಂಡು, ಅದನ್ನೇ ಹಾಕಿಕೊಂಡು ದಿನಕ್ಕೆ ಅರ್ಧ ಗಂಟೆ ನಡೆಯಿರಿ.

ಇನ್ನೊಂದು ಪುಟ್ಟ ಕೆಲಸ ಇದೆ. "ನನಗಾಗಿ ಅಲ್ಲಿ ಬೇಡಿಕೊಳ್ಳಿ" ಎಂದು ಹೇಳಿದವರ ಹೆಸರುಗಳನ್ನೆಲ್ಲ ಒಂದು ಕಿರುಪುಸ್ತಕದಲ್ಲಿ ಬರೆದುಕೊಳ್ಳಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದುಕೊಂಡವರೆಲ್ಲ, ಮಾತೆ ಕಾಣಿಸಿಕೊಂಡ ಜಾಗದ ಪುಟ್ಟ ಗುಡಿಯಾದ ಕಪೆಲಿನ್ಯಾದ ಮುಂದೆ ನಿಂತಾಗ ಮರೆಯುತ್ತಾರೆ. ಅಲ್ಲಿ ನಿಂತಾಗ ಎಷ್ಟು ಮರೆಯುತ್ತದೆ ಎಂಬುದು ನಿಂತ ಮೇಲೆಯೇ ತಿಳಿಯುತ್ತದೆ.

ವಿಮಾನದಿಂದ ಬಸ್ಸಿನವರೆಗೆ

ಪೋರ್ಚುಗಲ್ ಷೆಂಗೆನ್ ಒಕ್ಕೂಟದ ದೇಶ, ಅಂದರೆ ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಯುರೋಪಿನ ದೇಶಗಳಲ್ಲೊಂದು. ನಿಮ್ಮ ವಿಮಾನ ಪ್ಯಾರಿಸ್ ಅಥವಾ ಫ್ರಾಂಕ್‌ಫರ್ಟ್‌ನಂತಹ ಇನ್ನೊಂದು ಷೆಂಗೆನ್ ನಗರದಲ್ಲಿ ಬದಲಾಗುವುದಾದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲಿಯೇ ನಡೆಯುತ್ತದೆ, ಲಿಸ್ಬನ್‌ನಲ್ಲಿ ಅಲ್ಲ. ಇದನ್ನು ತಿಳಿಯದೆ ಒಂದೂವರೆ ಗಂಟೆಯ ಅಂತರದಲ್ಲಿ ಟಿಕೆಟ್ ಮಾಡಿಸಿದ ಗುಂಪುಗಳು ಎರಡಾಗಿ ಒಡೆದುಹೋಗುತ್ತವೆ. ಅರ್ಧ ಜನ ಮುಂದಿನ ವಿಮಾನ ಹತ್ತಿರುತ್ತಾರೆ, ಇನ್ನರ್ಧ ಜನ ಸಾಲಿನಲ್ಲೇ ಇರುತ್ತಾರೆ. ಯುರೋಪಿನ ಹೊರಗಿನಿಂದ ಬರುವವರ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ಪದ್ಧತಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಮೊದಲ ಬಾರಿ ಹೋಗುವವರಿಗೆ ಅದಕ್ಕೆ ಹೆಚ್ಚು ಹೊತ್ತು ಬೇಕು. ಕನಿಷ್ಠ ಮೂರು ಗಂಟೆಯ ಅಂತರ ಇಟ್ಟುಕೊಳ್ಳಿ.

ತಪಾಸಣೆಗೆ ಒಬ್ಬೊಬ್ಬರಾಗಿ ಹೋಗಬೇಕು, ಗುಂಪಿನ ನಾಯಕರು ಪಕ್ಕದಲ್ಲಿ ನಿಂತು ಉತ್ತರ ಹೇಳುವಂತಿಲ್ಲ. ಆದ್ದರಿಂದ ಪ್ರತಿಯೊಬ್ಬರ ಕೈಯಲ್ಲೂ ಒಂದು ಕಾಗದವಿರಲಿ: ಹೋಟೆಲ್‌ಗಳ ಹೆಸರು, ವಿಳಾಸ, ಮರಳುವ ದಿನಾಂಕ, ಪ್ರಯಾಣ ವಿಮೆಯ ಪ್ರತಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಹೇಗೂ ಮಾಡಿಸಿರುತ್ತೀರಿ. ಆ ಕಾಗದ ಮನೆಯಲ್ಲಿ ಉಳಿಯಬಾರದು. ಏಕೆ ಬಂದಿರಿ ಎಂದು ಅಧಿಕಾರಿ ಕೇಳಿದರೆ "ಫಾತಿಮಾ" ಎಂದರೆ ಸಾಕು. ಗಾಬರಿಯಾಗಬೇಡಿ, ಆ ಹೆಸರು ಅವರಿಗೆ ಗೊತ್ತು.

ಸೂಟ್‌ಕೇಸ್ ಬಾರದೇ ಹೋದರೆ ಸಾಮಾನು ಬರುವ ಆ ಸಭಾಂಗಣದಿಂದ ಹೊರಗೆ ಬರುವ ಮೊದಲೇ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಅಂದು ರಾತ್ರಿ ತಂಗುವ ಲಿಸ್ಬನ್ ಹೋಟೆಲ್‌ನ ವಿಳಾಸ ಬರೆದುಕೊಡುತ್ತಾರೆ. ಸಾಮಾನು ಮರುದಿನ ಸಂಜೆ ಅಲ್ಲಿಗೆ ಬರುವಷ್ಟರಲ್ಲಿ ಗುಂಪು ಫಾತಿಮಾದಲ್ಲಿರುತ್ತದೆ. ದಿನಾಂಕ ಸಮೇತ ಮುಂದಿನ ಎರಡೂ ವಿಳಾಸಗಳನ್ನು ಕೊಡಿ.

ಮೊದಲ ಮಧ್ಯಾಹ್ನ: ಸಂತ ಅಂತೋನಿಯವರ ಊರಿನಲ್ಲಿ

ಪೂರ್ವದಿಂದ ಪಶ್ಚಿಮಕ್ಕೆ ಬಂದವರಿಗೆ ಸಂಜೆ ಐದಕ್ಕೇ ಕಣ್ಣು ಎಳೆಯುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಇದಕ್ಕಿರುವ ಮದ್ದು ಹಗಲ ಬೆಳಕು. ಕೋಣೆ ಸಿಕ್ಕ ಕೂಡಲೇ ಸ್ನಾನ, ಇಪ್ಪತ್ತು ನಿಮಿಷಕ್ಕೆ ಮೀರದ ವಿಶ್ರಾಂತಿ, ಮತ್ತೆ ಹೊರಗೆ. ರಾತ್ರಿ ಒಂಬತ್ತರವರೆಗೆ ಯಾರೂ ಮಲಗಬಾರದು. ತಂಡದ ಕಿರಿಯರಿಗೆ ಈ ಒಂದು ಹೊಣೆಯನ್ನು ಒಪ್ಪಿಸಿ. ಪರಸ್ಪರ ಮಾತನಾಡಿಸಿ ಎಚ್ಚರವಾಗಿಡುವುದರಲ್ಲೇ ಪರಿಚಯವೂ ಬೆಳೆಯುತ್ತದೆ.

ಆ ಮಧ್ಯಾಹ್ನಕ್ಕೆ ಒಂದೇ ಒಂದು ಜಾಗ ಸಾಕು. ಲಿಸ್ಬನ್‌ನ ಹಳೆಯ ಅಲ್ಫಾಮಾ ಬಡಾವಣೆಯ ಅಂಚಿನಲ್ಲಿ, ಪ್ರಧಾನ ದೇವಾಲಯದ ಎದುರಿಗೇ, ಸಂತ ಅಂತೋನಿಯವರ ಚರ್ಚು ಇದೆ. ಪಾದುವಾದ ಅಂತೋನಿ ಎಂದು ಲೋಕವೆಲ್ಲ ಕರೆಯುವ ಸಂತರು ಹುಟ್ಟಿದ್ದು ಇಲ್ಲಿ, ಸುಮಾರು 1195ರಲ್ಲಿ. ದೀಕ್ಷಾಸ್ನಾನದ ಹೆಸರು ಫೆರ್ನಾಂದೊ. ಅವರು ಹುಟ್ಟಿದ ಮನೆ ಇದ್ದ ಜಾಗವೆಂದು ನಂಬಲಾದ ನೆಲಮಾಳಿಗೆಗೆ ಮೆಟ್ಟಿಲಿಳಿದು ಹೋಗಬಹುದು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರವನ್ನು ಕೆಡವಿದ ಭೂಕಂಪದಲ್ಲಿ ಮೇಲಿನ ಚರ್ಚು ಬಿದ್ದಿತು, ಈ ನೆಲಮಾಳಿಗೆ ಉಳಿಯಿತು. ಮತ್ತೆ ಕಟ್ಟುವಾಗ ಊರಿನ ಮಕ್ಕಳು "ಸಂತ ಅಂತೋನಿಯವರಿಗೆ ಒಂದು ಕಾಸು" ಎಂದು ಬೀದಿಯಲ್ಲಿ ಬೇಡಿ ಹಣ ಕೂಡಿಸಿದರಂತೆ. 1982ರ ಮೇ 12ರಂದು ಪೋಪ್ ಎರಡನೇ ಜಾನ್ ಪೌಲ್ ಇದೇ ನೆಲಮಾಳಿಗೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ್ದರು. ಮರುದಿನವೇ ಅವರು ಫಾತಿಮಾದಲ್ಲಿದ್ದರು. ನೀವು ಹೋಗುತ್ತಿರುವುದೂ ಅದೇ ದಾರಿ ಎಂದು ಗುಂಪಿಗೆ ಹೇಳಿ.

ಮೊದಲ ದಿನ ಈ ಸಂತರನ್ನು ಆರಿಸಿಕೊಳ್ಳಲು ನನಗೆ ಇನ್ನೊಂದು ಕಾರಣವಿದೆ. ಅಂತೋನಿಯವರು ಮೊರೊಕ್ಕೊ ದೇಶದಲ್ಲಿ ಶುಭಸಂದೇಶ ಸಾರಿ ಪ್ರಾಣ ಕೊಡಲು ಹೊರಟವರು. ಅಲ್ಲಿ ಕಾಯಿಲೆ ಬಿದ್ದರು, ಮರಳುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ಒಯ್ದಿತು, ಅವರು ಇಟಲಿಯವರಾದರು. ಅಂದುಕೊಂಡ ಪಯಣವೊಂದು, ದೇವರು ನಡೆಸಿದ ಪಯಣ ಇನ್ನೊಂದು. ಸೂಟ್‌ಕೇಸ್ ಕಳೆದುಕೊಂಡವರು, ವಿಮಾನ ತಡವಾಗಿ ಊಟ ತಪ್ಪಿಸಿಕೊಂಡವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಗುರುಗಳು ಅಂದಿನ ಪ್ರಬೋಧನೆಯಲ್ಲಿ ಈ ಕಥೆಯನ್ನು ಹೇಳಿದರೆ ಅವರ ಮುಖ ಹಗುರಾಗುವುದನ್ನು ನಾನು ಕಂಡಿದ್ದೇನೆ.

ದೊಡ್ಡ ಬಸ್ಸು ಚರ್ಚಿನ ಬಾಗಿಲವರೆಗೆ ಹೋಗುವುದಿಲ್ಲ, ಕೆಳಗೆ ಇಳಿದು ಏರುದಾರಿ ನಡೆಯಬೇಕು. ಸಣ್ಣ ಸಣ್ಣ ಕಲ್ಲು ಕೂಡಿಸಿದ ಅಲ್ಲಿನ ಕಾಲುದಾರಿಗಳು ಸವೆದು ನುಣುಪಾಗಿವೆ, ಮಳೆ ಬಿದ್ದರೆ ಗಾಜಿನಂತೆ ಜಾರುತ್ತವೆ. ಮೊಣಕಾಲು ನೋವಿನವರು ಕೆಳಗಿನಿಂದ ಟ್ಯಾಕ್ಸಿಯಲ್ಲಿ ಬರಲಿ. ಪ್ರವಾಸಿಗರು ಮುಗಿಬೀಳುವ 28ನೇ ಸಂಖ್ಯೆಯ ಟ್ರಾಮ್ ಚಂದವಾಗಿದೆ, ಆದರೆ ಜೇಬುಗಳ್ಳರ ಕಣ್ಣಿಗೂ ಅದೇ ಬೀಳುತ್ತದೆ. ಗುಂಪಾಗಿ ಅದನ್ನು ಹತ್ತುವುದು ಬೇಡ. ಜೂನ್ 12ರ ಸಂಜೆ ನೀವು ಅಲ್ಲಿದ್ದರೆ ಗಮನಿಸಿ, ಮರುದಿನ ಸಂತರ ಹಬ್ಬ. ಬಡಾವಣೆಯ ಓಣಿಗಳೆಲ್ಲ ರಾತ್ರಿಯಿಡೀ ಜನರಿಂದ ತುಂಬಿರುತ್ತವೆ, ಹಿರಿಯರನ್ನು ಅತ್ತ ಕರೆದೊಯ್ಯಬೇಡಿ.

ರಾತ್ರಿ ಊಟಕ್ಕೆ ಕುಳಿತಾಗ ಒಂದು ಎಚ್ಚರಿಕೆ. ಪೋರ್ಚುಗಲ್‌ನ ಹೋಟೆಲ್‌ಗಳಲ್ಲಿ ನೀವು ಕೇಳದೆಯೇ ಬ್ರೆಡ್ಡು, ಆಲಿವ್, ಬೆಣ್ಣೆ ತಂದಿಡುತ್ತಾರೆ. ಅದು ಉಚಿತವಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಹಿಂದಕ್ಕೆ ಕಳುಹಿಸಿದರೆ ಯಾರೂ ಬೇಸರಪಡುವುದಿಲ್ಲ. ನಲ್ಲಿ ನೀರು ಕುಡಿಯಲು ಯೋಗ್ಯ. ತುರ್ತಿಗೆ 112.

ಎರಡನೆಯ ದಿನ: ದಾರಿಯಲ್ಲಿ ಒಂದೇ ನಿಲುಗಡೆ

ಲಿಸ್ಬನ್‌ನಿಂದ ಫಾತಿಮಾ ಉತ್ತರಕ್ಕೆ ಸುಮಾರು 130 ಕಿಲೋಮೀಟರ್. ಬಸ್ಸಿನಲ್ಲಿ ಒಂದೂವರೆ ಗಂಟೆಯ ಹಾದಿ. ಗುಂಪಿನಿಂದ ಹಿಂದೆ ಉಳಿದು ಒಬ್ಬರೇ ಬರುವವರಿದ್ದರೆ ರೈಲು ಬೇಡ, ಬಸ್ಸಿನಲ್ಲೇ ಬರಲು ಹೇಳಿ. ಫಾತಿಮಾ ಎಂಬ ಹೆಸರಿನ ರೈಲು ನಿಲ್ದಾಣ ಪುಣ್ಯಕ್ಷೇತ್ರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ.

ದಾರಿಯಲ್ಲಿ ಸಾಂತರೇಂ ಎಂಬ ಊರು ಸಿಗುತ್ತದೆ. ಅಲ್ಲಿನ ಸಂತ ಸ್ತೇಫನರ ಚರ್ಚಿನಲ್ಲಿ ಪರಮಪ್ರಸಾದದ ರೊಟ್ಟಿಯಿಂದ ರಕ್ತ ಒಸರಿತೆಂಬ 13ನೇ ಶತಮಾನದ ಪವಾಡದ ಅವಶೇಷವಿದೆ. ಪೀಠದ ಹಿಂದಿನ ಕಿರಿದಾದ ಮೆಟ್ಟಿಲು ಹತ್ತಿ ಹತ್ತಿರದಿಂದ ನೋಡಬಹುದು. ಒಬ್ಬೊಬ್ಬರೇ ಹತ್ತಿ ಇಳಿಯಬೇಕಾದ್ದರಿಂದ ದೊಡ್ಡ ಗುಂಪಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಚರ್ಚು ತೆರೆದಿರುವ ಹೊತ್ತನ್ನು ಹಿಂದಿನ ವಾರವೇ ಖಚಿತಪಡಿಸಿಕೊಳ್ಳಿ. ಇಷ್ಟು ಸಾಕು. ದಾರಿಯಲ್ಲೇ ಇದೆಯಲ್ಲ ಎಂದು ಇನ್ನೆರಡು ಮಠ, ಒಂದು ಕೋಟೆ ಸೇರಿಸುವ ಆಸೆ ಬಂದೇ ಬರುತ್ತದೆ, ಪ್ರವಾಸ ಸಂಸ್ಥೆಯವರೂ ಒತ್ತಾಯಿಸುತ್ತಾರೆ. ಒಪ್ಪಬೇಡಿ. ಮಧ್ಯಾಹ್ನ ಮೂರರ ಒಳಗೆ ಫಾತಿಮಾದ ಕೋಣೆಗಳ ಬೀಗದ ಕೈ ಎಲ್ಲರ ಕೈಯಲ್ಲಿರಬೇಕು, ನಾಲ್ಕರಿಂದ ಆರರವರೆಗೆ ಎಲ್ಲರೂ ಮಲಗಿರಬೇಕು. ಯಾತ್ರೆಯಲ್ಲಿ ನಾನು ಬಿಟ್ಟುಕೊಡದ ಎರಡು ಗಂಟೆ ಇದ್ದರೆ ಅದು ಇದೇ.

ಬಸ್ಸಿನ ಸಮಯವನ್ನು ಕಥೆಗೆ ಬಳಸಿ. ಹತ್ತು ವರ್ಷದ ಲೂಸಿಯಾ, ಅವಳ ಚಿಕ್ಕ ಬಂಧುಗಳಾದ ಫ್ರಾನ್ಸಿಸ್ಕೊ ಮತ್ತು ಜಸಿಂತಾ. ಅಣ್ಣನಿಗೆ ಇನ್ನೇನು ಒಂಬತ್ತು ತುಂಬಬೇಕು, ತಂಗಿಗೆ ಏಳು. ಕುರಿ ಕಾಯುವ ಮಕ್ಕಳು. ಅವರ ಕಥೆಯಲ್ಲಿ ಸೂರ್ಯನ ಪವಾಡವನ್ನು, ಅಂದರೆ ಅಕ್ಟೋಬರ್ 13ರಂದು ಸೂರ್ಯ ಕುಣಿದಂತೆ ಜನರಿಗೆ ಕಂಡದ್ದನ್ನು, ಎಲ್ಲರೂ ಹೇಳುತ್ತಾರೆ. ಆಗಸ್ಟ್ 13ರಂದು ಆ ಮಕ್ಕಳನ್ನು ಸ್ಥಳೀಯ ಆಡಳಿತಗಾರ ಹಿಡಿದಿಟ್ಟು ಬೆದರಿಸಿದ್ದನ್ನೂ, ಅವರು ಮಾತು ಬದಲಿಸದೇ ಇದ್ದದ್ದನ್ನೂ ಹೇಳಿ. ಫ್ರಾನ್ಸಿಸ್ಕೊ 1919ರ ಏಪ್ರಿಲ್‌ನಲ್ಲಿ ತೀರಿಕೊಂಡ. ಜಸಿಂತಾ 1920ರ ಫೆಬ್ರುವರಿಯಲ್ಲಿ, ನೀವು ಬೆಳಿಗ್ಗೆ ಬಿಟ್ಟುಬಂದ ಅದೇ ಲಿಸ್ಬನ್‌ನ ಆಸ್ಪತ್ರೆಯೊಂದರಲ್ಲಿ, ಮನೆಯವರಾರೂ ಹತ್ತಿರವಿಲ್ಲದೆ ಕಣ್ಣು ಮುಚ್ಚಿದಳು. ಇದನ್ನು ಕೇಳಿಸಿಕೊಂಡವರು ಫಾತಿಮಾದ ಬೆಸಿಲಿಕಾ ಎಂಬ ದೊಡ್ಡ ಚರ್ಚಿನಲ್ಲಿ ಅವಳ ಸಮಾಧಿಯ ಮುಂದೆ ನಿಲ್ಲುವ ರೀತಿಯೇ ಬೇರೆ.

ಫಾತಿಮಾದ ಮೊದಲ ರಾತ್ರಿ

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ, ಮೇಲಿನ ಎಚ್ಚರಿಕೆಗಳೆಲ್ಲ ಇದಕ್ಕಾಗಿಯೇ.

ಪುನರುತ್ಥಾನ ಹಬ್ಬದಿಂದ ಅಕ್ಟೋಬರ್‌ವರೆಗೆ ಪ್ರತಿ ರಾತ್ರಿ ಒಂಬತ್ತೂವರೆಗೆ ಕಪೆಲಿನ್ಯಾದಲ್ಲಿ ಜಪಸರ ಮತ್ತು ಮೇಣದಬತ್ತಿಯ ಮೆರವಣಿಗೆ ನಡೆಯುತ್ತದೆ. ಕಪೆಲಿನ್ಯಾ ಎಂದರೆ ಪುಟ್ಟ ಗುಡಿ. ಮಾತೆ ಕಾಣಿಸಿಕೊಂಡ ಕೋವಾ ದ ಇರಿಯಾ ಎಂಬ ತಗ್ಗಿನಲ್ಲಿ 1919ರಲ್ಲಿ ಜನರು ಕಟ್ಟಿದ್ದು. 1922ರ ಮಾರ್ಚ್‌ನಲ್ಲಿ ವಿರೋಧಿಗಳು ಸ್ಫೋಟಕವಿಟ್ಟು ಅದನ್ನು ಒಡೆದರು, ಜನರು ಮತ್ತೆ ಕಟ್ಟಿದರು. ಮಾತೆ ನಿಂತ ಚಿಕ್ಕ ಓಕ್ ಗಿಡ ಈಗಿಲ್ಲ. ಬಂದ ಭಕ್ತರು ಎಲೆ, ಟೊಂಗೆ ಎಂದು ಕಿತ್ತು ಒಯ್ದು ಅದು ಬೇಗನೇ ಮಾಯವಾಯಿತು. ಆ ಜಾಗದಲ್ಲಿರುವ ಸ್ತಂಭದ ಮೇಲೆ ಇಂದು ಪ್ರತಿಮೆ ನಿಂತಿದೆ. ಹತ್ತಿರದಲ್ಲೇ ಇರುವ ದೊಡ್ಡ ಓಕ್ ಮರ ಬೇರೆ. ಅದರ ನೆರಳಿನಲ್ಲಿ ಮಕ್ಕಳು ಜಪಸರ ಹೇಳುತ್ತ ಕಾಯುತ್ತಿದ್ದರು, ಅದು ಇನ್ನೂ ಹಸಿರಾಗಿದೆ.

ಊಟವನ್ನು ಏಳಕ್ಕೇ ಮುಗಿಸುವಂತೆ ಹೋಟೆಲ್‌ನವರಿಗೆ ಮೊದಲೇ ಬರೆದು ತಿಳಿಸಿರಿ. ಎಂಟೂವರೆಗೆ ಬಡಿಸಲು ಶುರು ಮಾಡಿದರೆ ಯಾರೂ ಒಂಬತ್ತೂವರೆಗೆ ತಲುಪುವುದಿಲ್ಲ. ಬೇಸಿಗೆಯಾದರೂ ದಪ್ಪ ಸ್ವೆಟರ್ ಇರಲಿ. ಅದು ಸುಣ್ಣಕಲ್ಲಿನ ಎತ್ತರದ ನಾಡು, ರಾತ್ರಿಯ ಗಾಳಿಗೆ ಹಲ್ಲು ಕಡಿಯುವಂತಾಗುತ್ತದೆ. ಮೇಣದಬತ್ತಿಯನ್ನು ಗಾಳಿಗೆ ಆರದಂತೆ ಕಾಗದದ ಮರೆಯೊಂದಿಗೆ ಅಲ್ಲಿಯೇ ಮಾರುತ್ತಾರೆ. ಒಂಬತ್ತಕ್ಕೆ ಹೋದರೆ ಹಿರಿಯರಿಗೆ ಬೆಂಚು ಸಿಗುತ್ತದೆ. ಮೆರವಣಿಗೆ ಮುಗಿದ ಮೇಲೆ ಎಲ್ಲರೂ ಎಲ್ಲಿ ಸೇರಬೇಕು ಎಂಬುದನ್ನು ಹಗಲಿನಲ್ಲೇ ಕೈ ಮಾಡಿ ತೋರಿಸಿ. ಕತ್ತಲಲ್ಲಿ ಆ ಅಂಗಳದ ನಾಲ್ಕು ಕಡೆಯೂ ಒಂದೇ ರೀತಿ ಕಾಣುತ್ತದೆ.

ಜಪಸರದ ಹತ್ತು ಮಣಿಗಳನ್ನು ಒಬ್ಬರು ಪೋರ್ಚುಗೀಸಿನಲ್ಲಿ, ಇನ್ನೊಬ್ಬರು ಪೋಲಿಷ್‌ನಲ್ಲಿ, ಮತ್ತೊಬ್ಬರು ಇಟಾಲಿಯನ್‌ನಲ್ಲಿ ನಡೆಸುತ್ತಾರೆ. "ನಮಗೆ ಅರ್ಥವಾಗುವುದಿಲ್ಲವಲ್ಲ" ಎಂದು ಗುಂಪಿನವರು ಮೊದಲು ಹಿಂಜರಿಯುತ್ತಾರೆ. ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಹೇಳುವುದು ಅಲ್ಲಿನ ವಾಡಿಕೆ ಎಂದು ತಿಳಿಸಿ. ಕನ್ನಡದಲ್ಲೇ ಗಟ್ಟಿಯಾಗಿ ಹೇಳಿ. ಪಕ್ಕದಲ್ಲಿ ನಿಂತ ಅಪರಿಚಿತರು ಬೇರೇನನ್ನೋ ಹೇಳುತ್ತಿರುತ್ತಾರೆ, ಆದರೆ ಇಬ್ಬರೂ ಒಂದೇ ಕಡೆ ನಿಲ್ಲಿಸುತ್ತೀರಿ. ಆಮೇಲೆ ಪ್ರತಿಮೆ ಹೊರಡುತ್ತದೆ, ಹಾಡಿನ ಪಲ್ಲವಿ ಬಂದಾಗಲೆಲ್ಲ ಸಾವಿರಾರು ಮೇಣದಬತ್ತಿಗಳು ಒಟ್ಟಿಗೆ ಮೇಲೇಳುತ್ತವೆ. ಆ ಹೊತ್ತಿನಲ್ಲಿ ಮೊಬೈಲ್ ಎತ್ತಿ ಚಿತ್ರ ತೆಗೆಯುವುದನ್ನು ನಾನು ತಡೆಯುವುದಿಲ್ಲ, ಆದರೆ ಮೊದಲ ರಾತ್ರಿ ಬೇಡ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ನಾಳೆಯೂ ಇದೇ ಮೆರವಣಿಗೆ ಇದೆ.

ಮಾತೆಯ ಕಿರೀಟದ ಬಗ್ಗೆ ಕೇಳುವವರು ಬಹಳ. 1942ರಲ್ಲಿ ಪೋರ್ಚುಗಲ್‌ನ ಮಹಿಳೆಯರು ತಮ್ಮ ದೇಶ ಯುದ್ಧದಿಂದ ಪಾರಾದದ್ದಕ್ಕೆ ಕೃತಜ್ಞತೆಯಿಂದ ಅರ್ಪಿಸಿದ ಕಿರೀಟದಲ್ಲಿ, 1981ರ ಮೇ 13ರಂದು ಎರಡನೇ ಜಾನ್ ಪೌಲ್ ಅವರಿಗೆ ತಗಲಿದ ಗುಂಡನ್ನು ಆಮೇಲೆ ಅಳವಡಿಸಲಾಯಿತು. ದೊಡ್ಡ ಯಾತ್ರಾ ದಿನಗಳಲ್ಲಷ್ಟೇ ಅದು ಪ್ರತಿಮೆಯ ತಲೆಯ ಮೇಲಿರುತ್ತದೆ. ಕಾಣದಿದ್ದರೆ ಯಾರೂ ನಿರಾಶರಾಗದಂತೆ ಇದನ್ನು ಮೊದಲೇ ಹೇಳಿಬಿಡಿ.

ಮೂರನೆಯ ದಿನ: ಅಂಗಳ, ಹಳ್ಳಿ, ಮೌನ

ನಸುಕಿಗೆ ಎಬ್ಬಿಸಬೇಡಿ. ಎಚ್ಚರವಾದವರು ತಾವಾಗಿಯೇ ಕಪೆಲಿನ್ಯಾಕ್ಕೆ ಹೋಗಿರುತ್ತಾರೆ. ಜನವಿಲ್ಲದ ಆ ಹೊತ್ತಿನಲ್ಲಿ ಮೊಣಕಾಲಿನ ಮೇಲೆ ಸಾಗುವ ಹರಕೆಯವರನ್ನು ನೋಡಬಹುದು. ಅಂಗಳದ ಮೇಲಿನಿಂದ ಗುಡಿಯವರೆಗೆ ಅವರಿಗಾಗಿಯೇ ನುಣುಪಾದ ಹಾದಿ ಮಾಡಿದ್ದಾರೆ. ಗುಂಪಿನಲ್ಲಿ ಯಾರಾದರೂ ಹಾಗೆ ಹೋಗಲು ಬಯಸಿದರೆ ಮೊಣಕಾಲಿಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಲಿ, ಜೊತೆಗೊಬ್ಬರು ಕೈ ಹಿಡಿದು ನಡೆಯಲಿ. ಉಳಿದವರ ಮೇಲೆ ಅದರ ಒತ್ತಡ ಬೀಳಬಾರದು.

ಬೆಳಗಿನ ತಿಂಡಿಯ ನಂತರ ಹಳೆಯ ಬೆಸಿಲಿಕಾ. 1928ರಲ್ಲಿ ಕಟ್ಟಲು ಆರಂಭಿಸಿ 1953ರಲ್ಲಿ ಪ್ರತಿಷ್ಠಾಪಿಸಿದ್ದು. ಒಳಗಿನ ಹದಿನೈದು ಪೀಠಗಳು ಜಪಸರದಲ್ಲಿ ಧ್ಯಾನಿಸುವ ಸಾಂಪ್ರದಾಯಿಕ ಹದಿನೈದು ರಹಸ್ಯಗಳಿಗೆ, ಅಂದರೆ ಯೇಸು ಮತ್ತು ಮಾತೆಯ ಬದುಕಿನ ಘಟನೆಗಳಿಗೆ. ಮುಖ್ಯ ಪೀಠಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಜಸಿಂತಾ ಮತ್ತು ಲೂಸಿಯಾ, ಬಲಗಡೆ ಫ್ರಾನ್ಸಿಸ್ಕೊ ಮಲಗಿದ್ದಾರೆ. ಅಣ್ಣ ತಂಗಿಯರನ್ನು 2017ರ ಮೇ 13ರಂದು ಪೋಪ್ ಫ್ರಾನ್ಸಿಸ್ ಇಲ್ಲಿಯೇ ಸಂತರೆಂದು ಘೋಷಿಸಿದರು. ಸಂನ್ಯಾಸಿನಿಯಾಗಿ ದೀರ್ಘಕಾಲ ಬಾಳಿದ ಲೂಸಿಯಾ 2005ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಇಲ್ಲಿ ಮಾರ್ಗದರ್ಶಿಯ ವಿವರಣೆ ಬಾಗಿಲ ಹೊರಗೇ ಮುಗಿಯಲಿ. ಒಳಗೆ ಹೆಡ್‌ಸೆಟ್ ತೆಗೆದಿಡಿ.

ಅಂಗಳದ ಇನ್ನೊಂದು ತುದಿಯಲ್ಲಿ 2007ರಲ್ಲಿ ಪ್ರತಿಷ್ಠಾಪಿಸಿದ ಪವಿತ್ರ ತ್ರಿತ್ವದ ಬೆಸಿಲಿಕಾ ಇದೆ. 8,600ಕ್ಕೂ ಹೆಚ್ಚು ಆಸನಗಳು, ನಡುವೆ ಒಂದೂ ಕಂಬವಿಲ್ಲ. ಪಾಪನಿವೇದನೆಯ ಪ್ರಾರ್ಥನಾಲಯವೂ ಅಲ್ಲಿಯೇ ಇದೆ. ಹಲವು ಭಾಷೆಗಳ ಗುರುಗಳು ಕುಳಿತಿರುತ್ತಾರೆ, ಆದರೆ ಮನಸ್ಸಿನ ಭಾರ ಇಳಿಸಲು ತಾಯಿಮಾತೇ ಬೇಕು ಎನ್ನುವವರು ಗುಂಪಿನಲ್ಲಿ ಇರುತ್ತಾರೆ. ಆದ್ದರಿಂದ ಜೊತೆಗೆ ಬಂದ ಗುರುಗಳ ಒಂದು ಗಂಟೆಯನ್ನು ಇದಕ್ಕೆಂದೇ ಬಿಡುವು ಮಾಡಿ. ಆ ಹೊತ್ತಿನಲ್ಲಿ ಕೋಣೆಯ ದೂರು, ಬಸ್ಸಿನ ಸಮಯ ಎಂದು ಯಾರೂ ಅವರ ಹತ್ತಿರ ಹೋಗಬಾರದು.

ಮಧ್ಯಾಹ್ನ ಅಲ್ಜುಸ್ಟ್ರೆಲ್. ಮಕ್ಕಳ ಹಳ್ಳಿ ಪುಣ್ಯಕ್ಷೇತ್ರದಿಂದ ಸುಮಾರು ಎರಡು ಕಿಲೋಮೀಟರ್. ಹೋಗಲು ಎರಡು ದಾರಿ: ಬಸ್ಸು, ಇಲ್ಲವೇ ಆಲಿವ್ ಮತ್ತು ಓಕ್ ಮರಗಳ ನಡುವೆ ಸಾಗುವ ಶಿಲುಬೆಯ ಹಾದಿ. ತಾಯ್ನಾಡು ತೊರೆದ ಹಂಗೇರಿಯ ಕಥೋಲಿಕರು ಕಟ್ಟಿಸಿಕೊಟ್ಟ ಹದಿನಾಲ್ಕು ಸ್ಥಳಗಳು ಅಲ್ಲಿವೆ. ನಡೆಯಬಲ್ಲವರು ನಡೆಯಲಿ, ಉಳಿದವರು ಬಸ್ಸಿನಲ್ಲಿ ಬಂದು ಹಳ್ಳಿಯಲ್ಲಿ ಸೇರಲಿ. ನಡೆಯದವರು ಕಡಿಮೆ ಭಕ್ತರು ಎಂಬ ಮಾತು ಯಾರ ಬಾಯಿಂದಲೂ ಬಾರದಂತೆ ನಾಯಕರು ನೋಡಿಕೊಳ್ಳಬೇಕು. ನಾನು ಪ್ರತಿ ಬಾರಿ ಗುರುಗಳನ್ನೇ ಬಸ್ಸಿನವರ ಜೊತೆ ಕಳುಹಿಸುತ್ತೇನೆ. ಬಸ್ಸಿನಲ್ಲಿ ಅವರು ಜಪಸರ ನಡೆಸುತ್ತಾರೆ, ಹಾದಿಯಲ್ಲಿ ನಾವು ನಡೆಸುತ್ತೇವೆ.

ಹಾದಿಯಲ್ಲಿ ವಲಿನ್ಯೋಸ್ ಸಿಗುತ್ತದೆ. ಆಗಸ್ಟ್ 13ರಂದು ಮಕ್ಕಳು ಬಂಧನದಲ್ಲಿದ್ದುದರಿಂದ 19ರಂದು ಮಾತೆ ಕಾಣಿಸಿಕೊಂಡ ಜಾಗ. ಹತ್ತಿರದ ಬಂಡೆಗಳ ನಡುವೆ 1916ರಲ್ಲಿ ದೇವದೂತ ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ತಾಣವೂ ಇದೆ. ನನ್ನ ಮಟ್ಟಿಗೆ ಇಡೀ ಫಾತಿಮಾದಲ್ಲಿ ಅತ್ಯಂತ ನಿಶ್ಶಬ್ದವಾದ ಜಾಗ ಅದು. ಅಲ್ಲಿ ವಿವರಣೆ ಬೇಡ, ಹಾಡು ಬೇಡ, ಹದಿನೈದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಹಳ್ಳಿಯಲ್ಲಿ ಲೂಸಿಯಾ ಮನೆ, ಅಣ್ಣ ತಂಗಿಯರ ಮನೆ ಎರಡೂ ತೆರೆದಿರುತ್ತವೆ. ತಗ್ಗಿದ ಬಾಗಿಲು, ಇಕ್ಕಟ್ಟಿನ ಕೋಣೆ. ಹತ್ತತ್ತು ಮಂದಿಯಾಗಿ ಒಳಗೆ ಹೋಗಿ. ಉಳಿದವರು ಹಿತ್ತಿಲಿನ ಬಾವಿಯ ಬಳಿ ಕಾಯಬಹುದು, ದೇವದೂತ ಎರಡನೆಯ ಬಾರಿ ಬಂದದ್ದು ಅಲ್ಲಿಯೇ.

ಮೂರನೆಯ ದಿನದ ಮಧ್ಯಾಹ್ನವೇ ಗುಂಪಿನಲ್ಲಿ ಮೊದಲ ಜಗಳ ಹುಟ್ಟುವುದೂ ಹೌದು. ಕಿಟಕಿಯ ಆಸನ, ತಡವಾಗಿ ಬರುವವರು, ಗೊರಕೆ ಹೊಡೆಯುವ ಕೋಣೆಯ ಜೊತೆಗಾರರು. ಇದು ದಣಿವಿನ ಮಾತು, ಮನುಷ್ಯರ ಮಾತಲ್ಲ. ಬಸ್ಸಿನ ಆಸನಗಳನ್ನು ದಿನಕ್ಕೊಮ್ಮೆ ಎರಡು ಸಾಲು ಹಿಂದಕ್ಕೆ ಸರಿಸುವ ನಿಯಮವನ್ನು ಮೊದಲ ದಿನವೇ ಹೇಳಿದ್ದರೆ ಅರ್ಧ ಜಗಳ ಇರುವುದಿಲ್ಲ. ಉಳಿದರ್ಧಕ್ಕೆ ಸಂಜೆಯ ಎರಡು ಗಂಟೆ ವಿಶ್ರಾಂತಿ.

ಆ ರಾತ್ರಿಗೆ ಒಂದು ಸಿದ್ಧತೆ

ಬೆಳಿಗ್ಗೆಯೇ ಪುಣ್ಯಕ್ಷೇತ್ರದ ಮಾಹಿತಿ ಕಚೇರಿಗೆ ಹೋಗಿ ನಿಮ್ಮ ಗುಂಪನ್ನು ನೋಂದಾಯಿಸಿ, ರಾತ್ರಿಯ ಜಪಸರದಲ್ಲಿ ಹತ್ತು ಮಣಿಗಳನ್ನು ಕನ್ನಡದಲ್ಲಿ ನಡೆಸಲು ಅವಕಾಶವಿದೆಯೇ ಎಂದು ಕೇಳಿ. ಗುಂಪುಗಳು ಹೆಚ್ಚಿರುವ ದಿನ ಸಿಗದಿರಬಹುದು, ಕೇಳುವುದನ್ನು ಬಿಡಬೇಡಿ. ಸಿಕ್ಕರೆ ಗುಂಪಿನಲ್ಲಿ ಅತ್ಯಂತ ಚೆನ್ನಾಗಿ ಓದುವವರನ್ನು ಆರಿಸಬೇಡಿ. ಈ ಮೂರು ದಿನ ಹೆಚ್ಚು ಮಾತನಾಡದೆ ಉಳಿದವರನ್ನು ಆರಿಸಿ. ಎರಡು ಸಲ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ: ಧ್ವನಿವರ್ಧಕದ ಮುಂದೆ ಎಲ್ಲರೂ ಅವಸರ ಮಾಡುತ್ತಾರೆ, ಜನರ ಉತ್ತರ ಪೂರ್ತಿ ಮುಗಿಯುವವರೆಗೆ ಕಾಯಬೇಕು.

ಕಳೆದ ಬಾರಿ ನಮಗೆ ಅವಕಾಶ ಸಿಕ್ಕಿತ್ತು. ನಡೆಸಿದವರು ಪತಿಯನ್ನು ಕಳೆದುಕೊಂಡ ವರ್ಷವೇ ಒಬ್ಬರೇ ಬಂದಿದ್ದ ಅಮ್ಮ. ಮೊದಲ ಮಣಿಗೆ ಅವರ ದನಿ ನಡುಗಿತು, ಮೂರನೆಯದಕ್ಕೆ ನಡುಕ ನಿಂತಿತು. ಅಂಗಳದ ಕತ್ತಲಿನಿಂದ ಹತ್ತಾರು ಭಾಷೆಗಳ ಉತ್ತರ ಅವರ ಕನ್ನಡಕ್ಕೆ ಬರುತ್ತಿತ್ತು.

ಮರುದಿನ ಬಸ್ಸು ಎಷ್ಟು ಹೊತ್ತಿಗೆ, ಸೂಟ್‌ಕೇಸ್ ಎಲ್ಲಿಡಬೇಕು ಎಂಬುದನ್ನೆಲ್ಲ ಊಟದ ಮೇಜಿನಲ್ಲೇ ಹೇಳಿ ಮುಗಿಸಿಬಿಡಿ. ಮೆರವಣಿಗೆಯಿಂದ ಕೋಣೆಗೆ ಮರಳುವ ದಾರಿಯಲ್ಲಿ ಯಾವ ಪ್ರಕಟಣೆಯೂ ಬೇಡ.